ಗಾಳಿಮನೆಯವರು ಗೀರಿದ ಕಡ್ಡಿ

ತೇವದ ತಿಂಗಳ ನಲವತ್ಮೂರನೆಯ ದಿನ, 2231
ಜೋಗಿಗುಡ್ಡ ಕೇರಿ, ದುರ್ಗದ ಸೀಮೆ

ತಿಪ್ಪೇರುದ್ರಜ್ಜನವರಿಗೆ,

ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ತಿಪ್ಪೇಸಿರಿ ಮಾಡುವ ನಮಸ್ಕಾರಗಳು. ಅಜ್ಜ ಎಂದು ಕರೆದದ್ದಕ್ಕೆ ನಗಬೇಡಿ. ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಿಮಗೆ ಮೂವತ್ತೆಂಟು ವರ್ಷ, ಬರೆಯುತ್ತಿರುವ ನನಗೆ ಅರವತ್ತೊಂದು. ಆದರೂ ನೀವೇ ಅಜ್ಜ, ನಾನೇ ಕೂಸು, ಏನು ಮಾಡುವುದು! ತಾರೀಖು ನೋಡಿ ಹುಬ್ಬು ಗಂಟಿಕ್ಕಲೂ ಬೇಡಿ. ನಮ್ಮಲ್ಲಿ ವರ್ಷಕ್ಕೆ ಎಂಟೇ ತಿಂಗಳು, ತಿಂಗಳಿಗೆ ನಲವತ್ತೈದು ಚಿಲ್ಲರೆ ದಿನ. ಮಳೆ ಎಷ್ಟು, ಗಾಳಿ ಎತ್ತ, ನೆಲ ಎಷ್ಟು ಒಣಗಿದೆ ಎಂಬುದನ್ನು ನೋಡಿಕೊಂಡು ಹಿಂದಿನವರು ಹಾಗೆ ಹಂಚಿಟ್ಟರು. ತೇವದ ತಿಂಗಳು ಎಂದರೆ ನಿಮ್ಮ ಕಾರ್ತಿಕದ ಆಸುಪಾಸು, ಮಳೆ ನಿಂತರೂ ಮಣ್ಣಿನಲ್ಲಿ ಹಸಿ ಉಳಿದಿರುವ ಕಾಲ. ನನ್ನ ಮಾತಿನ ನಡುವೆ ಇಂಥ ಹೊಸ ಪದಗಳು ಬರುತ್ತವೆ, ಕ್ಷಮಿಸಬೇಕು. ಸಿಕ್ಕಿದಲ್ಲಿ ಬಿಡಿಸಿ ಹೇಳುತ್ತೇನೆ. ಈ ಪತ್ರ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ.

ಗಂಭೀರವಾಗಿ ಶುರು ಮಾಡಬೇಕೆಂದು ಬೆಳಿಗ್ಗೆಯಿಂದ ವಾಕ್ಯ ಜೋಡಿಸಿಕೊಂಡಿದ್ದೆ. ಆಗುತ್ತಿಲ್ಲ. ಹೇಳಿಯೇ ಬಿಡುತ್ತೇನೆ. ಅಜ್ಜ, ಇವತ್ತು ನಮ್ಮ ಹಿತ್ತಲಲ್ಲಿ ಬೆಂಕಿ ಹಾಕಿದೆವು! ನಿಜವಾದ ಬೆಂಕಿ! ಜಾಲಿ ಕಡ್ಡಿಯ ಬೆಂಕಿ, ಚಟಪಟ ಅನ್ನುವುದು, ಹೊಗೆ ಬರುವುದು! ಇನ್ನೂರು ವರ್ಷದಲ್ಲಿ ಜೋಗಿಗುಡ್ಡದಲ್ಲಿ ಯಾರೂ ಮಾಡದ ಕೆಲಸ. ಕೊನೆಯದಾಗಿ ಇದೇ ಜಾಗದಲ್ಲಿ ಹಿತ್ತಲಿನ ಕಸಕ್ಕೆ ಬೆಂಕಿ ಹಾಕಿದವರು ನೀವು. ಅದಕ್ಕೇ ಈ ಪತ್ರ ನಿಮಗೆ.

ನೀವು ಮಾಡಿದ್ದೇನು ಎಂದು ನಿಮಗೇ ಹೇಳುವುದು ಕಷ್ಟ, ಯಾಕೆಂದರೆ ನೀವಿನ್ನೂ ಅದನ್ನು ಮಾಡಿಲ್ಲ. ನಿಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಬಳ್ಳಾರಿ ಜಾಲಿ ಬೆಳೆದಿದೆಯಲ್ಲ, ಅದನ್ನು ಬರುವ ಫಾಲ್ಗುಣದ ಒಂದು ಭಾನುವಾರ ಕಡಿದು ಗುಡ್ಡೆ ಹಾಕುತ್ತೀರಿ. ಬೇಲಿಯ ಕಣಗಿಲೆಯನ್ನೂ ಒಣ ತೆಂಗಿನಗರಿಯನ್ನೂ ಮೇಲೆ ಎಸೆಯುತ್ತೀರಿ. ಬೇಗ ಹೊತ್ತಲಿ ಎಂದು ಅಡಿಗೆ ಹಳೆಯ ಟೈರು ಇಟ್ಟು ಸೀಮೆಎಣ್ಣೆ ಸುರಿಯುತ್ತೀರಿ. ಮಧ್ಯಾಹ್ನದ ಹೊತ್ತಿಗೆ ಉರಿ ಇಳಿಯುತ್ತದೆ. ಮುಂದಿನದು ಪೊಲೀಸರಿಗೆ ನೀವೇ ಕೊಟ್ಟ ಹೇಳಿಕೆಯಲ್ಲಿದೆ: ‘ಉರಿ ಆರಿತ್ತು. ಮೇಲೆ ಮಣ್ಣು ಎಳೆದೆ. ಊಟಕ್ಕೆ ಕರೆದರು, ಒಳಗೆ ಹೋದೆ.’ ಈ ಮೂರು ವಾಕ್ಯ ನಮ್ಮ ಕಡೆಯ ಪ್ರತಿ ಮಗುವಿಗೂ ಬಾಯಿಪಾಠ. ಮೂರು ಗಂಟೆಗೆ ಗುಡ್ಡದಿಂದ ಗಾಳಿ ಇಳಿಯಿತು, ಮಣ್ಣು ಸರಿಯಿತು, ಅಡಿಯ ಕೆಂಡ ಎದ್ದು ಒಣಹುಲ್ಲಿಗೆ ಹಾರಿತು. ಪಕ್ಕದ ತಗಡಿನ ಶೆಡ್ಡಿನಲ್ಲಿ ದರ್ಜಿ ಕೊಟ್ರೇಶಪ್ಪ, ನಿಮ್ಮ ಗೆಳೆಯ, ಮಿಷನ್ನಿನ ಪಕ್ಕ ಚಾಪೆ ಹಾಸಿ ಮಲಗಿದ್ದರು. ಅವರ ಬಲಗಾಲು ಚಿಕ್ಕಂದಿನಿಂದಲೇ ಸ್ವಾಧೀನ ಇರಲಿಲ್ಲ. ಅವರು ಏಳಲಿಲ್ಲ. ಬಡಾವಣೆಯ ಇಪ್ಪತ್ತೆರಡು ಮನೆ ಹೋದವು, ಆದರೆ ಜೀವ ಹೋದದ್ದು ಅವರದೊಂದೇ.

ಬೈಯಲಿಕ್ಕೆ ಬರೆಯುತ್ತಿಲ್ಲ ಅಜ್ಜ, ಮುಂದೆ ಓದಿ. ಆ ಮೇಲೆ ಕಾನೂನು ಬಂತು. ಮನೆಗಳ ನಡುವೆ ಯಾರೂ ಬೆಂಕಿ ಹಾಕುವಂತಿಲ್ಲ. ಕಾಲ ಸರಿದಂತೆ ಒಲೆಯ ಉರಿಯೂ ಹೋಯಿತು. ಈಗ ನಾವು ಅಡುಗೆ ಮಾಡುವುದು ಬಿಸಿಗಲ್ಲಿನ ಮೇಲೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಾವು ಕೊಡುವ ಕರಿ ಹಲಗೆ ಅದು, ಮುದ್ದೆ ಚೆನ್ನಾಗಿ ಬರುತ್ತದೆ, ರೊಟ್ಟಿ ಮಾತ್ರ ಅಷ್ಟಕ್ಕಷ್ಟೆ. ಹಿತ್ತಲಿನ ಕಸ ಕಡ್ಡಿಗೆ ಜಗಿಬಂಡಿ ಬರುತ್ತದೆ. ಬಾಯಿಗೆ ಹಾಕಿದ್ದನ್ನೆಲ್ಲ ಹೊಟ್ಟು ಮಾಡಿ ಉಗುಳುವ ಯಂತ್ರ. ಆದರೆ ಜಾಲಿ ಬೆಳೆಯುವ ವೇಗಕ್ಕೆ ಜಗಿಬಂಡಿ ಎಲ್ಲಿ ಸಾಲುತ್ತದೆ? ನಮ್ಮ ಸರದಿ ಬರಲು ಮೂರು ವರ್ಷ. ಹೋದ ಬೇಸಿಗೆಯಲ್ಲಿ ಗುಡ್ಡದ ಆಚೆ ಮಗ್ಗುಲಿಗೆ ಸಿಡಿಲು ಬಡಿದು, ಹಿತ್ತಲುಗಳಲ್ಲಿ ಬಿದ್ದ ಒಣ ರಾಶಿಗಳಿಂದಲೇ ಕೇರಿಗೆ ಬೆಂಕಿ ತಗುಲುವುದರಲ್ಲಿತ್ತು, ಉರಿ ನೆತ್ತಿ ದಾಟಿ ನಮ್ಮ ಕಣ್ಣಿಗೆ ಬೀಳುವ ಮೊದಲೇ, ಎರಡು ಫರ್ಲಾಂಗು ದೂರದಲ್ಲಿ, ಮಳೆ ಬಂದು ಉಳಿಸಿತು. ಆಗ ದೊಡ್ಡವರಿಗೆ ಬುದ್ಧಿ ಬಂತು. ಹದ್ದುಬಸ್ತಿನ ಸಣ್ಣ ಬೆಂಕಿಯನ್ನು ಮನೆಮನೆಗೆ ಹಿಂದಕ್ಕೆ ಕೊಡಬೇಕು, ಒಂದು ಹಿತ್ತಲಲ್ಲಿ ಮೊದಲು ಮಾಡಿ ನೋಡಬೇಕು, ಸರಿಹೋದರೆ ಎಲ್ಲರಿಗೂ ಪರವಾನಗಿ, ಕೆಟ್ಟರೆ ಇನ್ನು ಕೇಳುವ ಹಾಗಿಲ್ಲ ಎಂದು ತೀರ್ಮಾನವಾಯಿತು. ಅರ್ಜಿ ಹಾಕಿದವಳು ನಾನು. ‘ನಿನಗೇನು ತಲೆ ಕೆಟ್ಟಿದೆಯಾ, ನಿಮ್ಮ ಮನೆತನಕ್ಕೆ ಬೆಂಕಿ ಅಂದ್ರೆ ಸಾಲದಾ’ ಎಂದು ಅರ್ಧ ಕೇರಿ ಕೇಳಿತು. ಸಾಲದು! ನಮ್ಮ ಮನೆಯಿಂದ ಕೆಟ್ಟದ್ದು ನಮ್ಮ ಮನೆಯಿಂದಲೇ ಸರಿಯಾಗಬೇಕು ಎಂಬುದು ನನ್ನ ಹಟ.

ಮುಂದೆಂದಾದರೂ ಬೆಂಕಿ ಹಾಕುವುದಾದರೆ ಹೀಗೆ ಎಂದು ಕಾನೂನಿನಲ್ಲಿ ಒಂದು ಮಾತಿದೆ, ನಿಮ್ಮ ಕಾಲದಲ್ಲಿ ಅದು ಇರಲಿಲ್ಲ. ಬೆಂಕಿ ಹಾಕುವ ಹಿತ್ತಲಿನಿಂದ ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆಯ ಮೊದಲ ಮನೆಗೆ ಗಾಳಿಮನೆ ಎನ್ನುತ್ತಾರೆ. ಹಿತ್ತಲು ನನ್ನದಾದರೂ ಕಡ್ಡಿ ಗೀರುವ ಹಕ್ಕು ನನ್ನದಲ್ಲ, ಗಾಳಿಮನೆಯವರದು. ಹೊಗೆ ತಿನ್ನುವವರು ಒಪ್ಪಿ, ತಾವೇ ಬಂದು, ತಮ್ಮ ಕೈಯಾರೆ ಹಚ್ಚಬೇಕು. ಅವರು ಒಲ್ಲೆ ಎಂದರೆ ಮುಗಿಯಿತು. ನಮ್ಮ ಪಡುವಣಕ್ಕೆ ಗುಡ್ಡ. ಗಾಳಿ ಗುಡ್ಡದತ್ತ ಬೀಸುವ ದಿನ ಬೆಂಕಿ ಹಾಕುವಂತೆಯೇ ಇಲ್ಲ. ಗುಡ್ಡದಿಂದ ಇಳಿಯುವ ದಿನ, ಗಾಳಿ ಏಳುವ ಮುನ್ನ, ಹಾಕಬಹುದು, ಆದರೆ ಆಗ ಗಾಳಿಮನೆ ಯಾವುದು? ಕೊಟ್ರಕ್ಕನ ಮನೆ. ಕೊಟ್ರೇಶಪ್ಪನವರ ಏಳನೆಯ ತಲೆ ಕೊಟ್ರವ್ವ, ನನ್ನ ಬಾಯಲ್ಲಿ ಕೊಟ್ರಕ್ಕ, ಎಪ್ಪತ್ನಾಲ್ಕು ವರ್ಷ, ಅವರ ಶೆಡ್ಡಿದ್ದ ಜಾಗದಲ್ಲೇ ವಾಸ. ನಿಮ್ಮ ಮನೆಯಿದ್ದ ಜಾಗದಲ್ಲಿ ನಾನು. ಎರಡೂ ಮನೆತನ ಹಟಮಾರಿಗಳು, ಬೂದಿಯ ಮೇಲೆಯೇ ಗೋಡೆ ಎಬ್ಬಿಸಿಕೊಂಡವರು.

ಜಗಳವೆಂದು ತಿಳಿಯಬೇಡಿ. ಅವರ ಮದುವೆಗೆ ನಾವು, ನಮ್ಮ ನಾಮಕರಣಕ್ಕೆ ಅವರು, ಎಲ್ಲ ಇದೆ. ಒಂದೇ ಒಂದು ಪದ್ಧತಿ. ಕೊಟ್ರಕ್ಕನ ಮನೆಯವರು ನಮ್ಮ ಮನೆಯಲ್ಲಿ ಬಿಸಿಯಾದದ್ದನ್ನು ಬಾಯಿಗೆ ಇಡುವುದಿಲ್ಲ. ಮಜ್ಜಿಗೆ ಕೊಟ್ಟರೆ ಕುಡಿಯುತ್ತಾರೆ, ಬಾಳೆಹಣ್ಣು ತಿನ್ನುತ್ತಾರೆ, ಕೋಸಂಬರಿಗೆ ಇಲ್ಲ ಅನ್ನುವುದಿಲ್ಲ. ಕಾವಿನ ಮೇಲೆ ಇಟ್ಟದ್ದು ಮಾತ್ರ ಬೇಡ. ಯಾರೂ ಬಾಯಿಬಿಟ್ಟು ಕಾರಣ ಹೇಳಿದ್ದಿಲ್ಲ, ನಾವೂ ಕೇಳಿದ್ದಿಲ್ಲ. ನನ್ನ ಮದುವೆಯ ದಿನ ಕೊಟ್ರಕ್ಕನ ಎಲೆಗೆ ಮೊಸರು, ಹಣ್ಣು, ಕಲ್ಲುಸಕ್ಕರೆ ಬಡಿಸಿದ್ದು ನನಗೆ ಇನ್ನೂ ನೆನಪಿದೆ. ಇಂಥವರ ಬಾಗಿಲಿಗೆ ಹೋಗಿ ‘ಅಕ್ಕಾ, ನಮ್ಮ ಹಿತ್ತಲಿಗೆ ಬೆಂಕಿ ಹಚ್ಚಲು ಬಾ’ ಎಂದು ಹೇಗೆ ಕೇಳುವುದು? ಎರಡು ತಿಂಗಳು ಕೇಳಲಿಲ್ಲ. ಕೊನೆಗೆ ನನ್ನ ಗಂಡ ಪಾಲಯ್ಯನವರು ರೇಗಿ, ‘ಅವ್ರೇನ್ ಹುಲಿನಾ, ಹೋಗಿ ಕೇಳೆ’ ಎಂದು ತಳ್ಳಿ ಕಳಿಸಿದರು.

ಕೊಟ್ರಕ್ಕ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದೆ. ಅವಳು ತಲೆಯೆತ್ತಲಿಲ್ಲ. ಕಾಯಿ ಬಿಡಿಸುತ್ತಲೇ, ‘ಯಾವ್ ದಿನ?’ ಎಂದಳು. ಗಾಳಿ ನೋಡಿ ಹೇಳುತ್ತೇನೆ ಅಂದೆ. ‘ಗಾಳಿ ನೋಡಾಕೆ ಬಟ್ಟೆ ಐತಾ?’ ಎಂದು ಕೇಳಿದಳು. ಇಲ್ಲ ಎಂದೆ. ಒಳಗೆ ಹೋಗಿ ಒಂದು ಹಳೆಯ ಸೀರೆ, ಒಂದು ಕತ್ತರಿ ತಂದಳು. ಕರ್ರಗೆ ಸುಟ್ಟ, ಹಿಡಿ ಸೊಟ್ಟಗಾದ ದರ್ಜಿಯ ಕತ್ತರಿ. ಆ ಶೆಡ್ಡಿನಿಂದ ಉಳಿದದ್ದು ಅದೊಂದೇ ಅಂತೆ, ನಾನು ಅವತ್ತಿನವರೆಗೆ ಅದನ್ನು ಕಂಡಿರಲಿಲ್ಲ. ಸೀರೆಯಿಂದ ಎರಡು ಗೇಣು ಬಟ್ಟೆ ಕತ್ತರಿಸಿ ನನ್ನ ಕೈಗಿಟ್ಟು, ‘ಕೋಲಿಗೆ ಕಟ್ಟು. ಇದು ಅಲ್ಲಾಡ್ದೆ ಜೋತುಬಿದ್ದ ಬೆಳಿಗ್ಗೆ ನನ್ನ ಕರಿ’ ಎಂದಳು. ನಾನು ಮನೆಗೆ ಓಡಿದೆ ಅಜ್ಜ, ಅರವತ್ತೊಂದನೆಯ ವಯಸ್ಸಿನಲ್ಲಿ ಸೆರಗು ಕಟ್ಟಿಕೊಂಡು ಓಡಿದೆ!

ಒಂಬತ್ತು ದಿನ ಬೆಳಿಗ್ಗೆ ಆ ಗಾಳಿಬಟ್ಟೆ ನನ್ನನ್ನು ಆಡಿಸಿತು. ಎದ್ದ ಕೂಡಲೇ ಹಿತ್ತಲಿಗೆ ಹೋಗಿ ನೋಡುವುದು, ಹಾರುತ್ತಿರುತ್ತಿತ್ತು, ಬೈದುಕೊಂಡು ಒಳಗೆ ಬರುವುದು. ಇವತ್ತು ಹೋಗಿ ನೋಡಿದರೆ ಒಣಗಲು ಹಾಕಿದ ಸೀರೆಯ ಹಾಗೆ ತೆಪ್ಪಗೆ ನೇತುಬಿದ್ದಿತ್ತು. ಅಗ್ನಿಠಾಣೆಗೆ ಸುದ್ದಿ ಮುಟ್ಟಿಸಿದೆ. ಮುಟ್ಟಿಸದೆ ಹಚ್ಚಿದರೆ, ಯಾರೋ ದೂರದಿಂದ ಹೊಗೆ ಕಂಡು ಹುಯಿಲೆಬ್ಬಿಸಿ, ಠಾಣೆಗಿರುವ ಒಂದೇ ನೀರಿನ ಬಂಡಿ ನಮ್ಮ ಕಡೆ ಓಡಿಬಂದು, ನಿಜವಾಗಿ ಬೇಕಾದವರಿಗೆ ಸಿಗದೆ ಹೋಗಬಹುದಲ್ಲ. ಠಾಣೆಯಿಂದ ಮರುಳಪ್ಪ ಎಂಬ ಅಧಿಕಾರಿ ಬಂದ. ಬಲು ಶಿಸ್ತಿನ ಮನುಷ್ಯ, ಗಾಜಿನ ನಳಿಗೆಯಲ್ಲಿ ಎರಡು ಬೆಂಕಿಕಡ್ಡಿ ಮುಚ್ಚಿ ತಂದಿದ್ದ. ಪಾಪ, ಅವನೂ ಉರಿಯನ್ನು ಚಿತ್ರದಲ್ಲಿ ಬಿಟ್ಟರೆ ಕಂಡವನಲ್ಲ.

ತಯಾರಿಯೆಲ್ಲ ಉರಿಪಾಠದ ಪ್ರಕಾರ. ಉರಿಪಾಠ ಎಂದರೆ ಬೆಂಕಿಯ ಕಟ್ಟಳೆ, ಶಾಲೆಯಲ್ಲಿ ಮಗ್ಗಿಯ ಜೊತೆ ಹೇಳಿಕೊಡುತ್ತಾರೆ, ಬೆಂಕಿಯೇ ಇಲ್ಲದ ನಾಡಿನಲ್ಲಿ! ಮನೆಗೂ ಬೇಲಿಗೂ ಐವತ್ತು ಹೆಜ್ಜೆ ದೂರದಲ್ಲಿ ಜಾಗ ಗುರುತು ಮಾಡಿದ್ದೆ. ಮೇಲೆ ತಂತಿಯಿಲ್ಲ, ಕೊಂಬೆಯಿಲ್ಲ. ಸುತ್ತ ಹತ್ತಡಿ ಹುಲ್ಲು ಕೆತ್ತಿ ಬರಿ ಮಣ್ಣು ಮಾಡಿದ್ದೆ, ಸೊಂಟ ಇನ್ನೂ ನೋಯುತ್ತಿದೆ. ನಲ್ಲಿಗೆ ಪೈಪು ಸಿಕ್ಕಿಸಿ ನೀರು ನಿಜವಾಗಿ ಬರುತ್ತದೆಯೇ ಎಂದು ಬಿಟ್ಟು ನೋಡಿದೆವು. ಆರು ಬಿಂದಿಗೆ ತುಂಬಿಟ್ಟೆವು, ಗೋಣಿಚೀಲ ನೆನೆಸಿಟ್ಟೆವು, ಸಲಿಕೆ ಪಕ್ಕಕ್ಕೆ. ನಾನೂ ಕೊಟ್ರಕ್ಕನೂ ದಪ್ಪ ಹತ್ತಿ ಸೀರೆ ಉಟ್ಟು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದೆವು. ಮರುಳಪ್ಪ ಹತ್ತಿಯಲ್ಲದ ಮಿರಿಮಿರಿ ಸಮವಸ್ತ್ರದಲ್ಲಿ ಬಂದಿದ್ದ. ಕೊಟ್ರಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಒಂದ್ ಕಿಡಿ ಬಿದ್ರೆ ಮೈಗಂಟಿ ಕರಗ್ತೈತೆ, ಹೋಗಪ್ಪ, ಪಾಲಯ್ಯನ ಪಂಚೆ ಉಟ್ಕಂಡು ಬಾ’ ಎಂದು ಓಡಿಸಿದಳು. ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿಕೊಂಡು ನಿಂತ ಅಗ್ನಿಠಾಣೆಯ ಅಧಿಕಾರಿಯನ್ನು ನೋಡಲು ಕೇರಿಯ ಜನವೆಲ್ಲ ರಸ್ತೆಯ ಆಚೆ ಸೇರಿತು.

ರಾಶಿಯನ್ನು ನಾನು ಹದಿನೈದು ದಿನದಿಂದ ಬೇರೆ ಮೂಲೆಯಲ್ಲಿ ಒಣಗಿಸಿದ್ದೆ. ಇದ್ದಲ್ಲೇ ಹಚ್ಚುವಂತಿಲ್ಲ, ಹಚ್ಚುವ ದಿನವೇ ಕಡ್ಡಿ ಕಡ್ಡಿಯಾಗಿ ಎತ್ತಿ ಹೊಸ ಜಾಗಕ್ಕೆ ಸಾಗಿಸಬೇಕು. ಯಾಕೆಂದು ಇವತ್ತು ಗೊತ್ತಾಯಿತು. ಅಡಿಯಿಂದ ಎರಡು ಹಾವುರಾಣಿ, ಒಂದು ಓತಿಕ್ಯಾತ, ಒಂದು ಇಲಿ ಸಂಸಾರ ಹೊರಟವು. ಮಕ್ಕಳು ಕೇಕೆ ಹಾಕಿದರು. ಎಲ್ಲ ಸರಿ ಎಂದುಕೊಂಡಿರುವಾಗ ಕೊಟ್ರಕ್ಕ ರಾಶಿಯೊಳಗೆ ಕೈಹಾಕಿ ನಾಲ್ಕು ಉದ್ದ ಕಡ್ಡಿ ಎಳೆದು ನನ್ನ ಮುಖಕ್ಕೆ ಹಿಡಿದಳು. ಕಣಗಿಲೆ! ನನ್ನದೇ ಬೇಲಿಯದು, ಕಡಿಯುವಾಗ ಸೇರಿಬಿಟ್ಟಿತ್ತು. ಅದರ ಹೊಗೆ ವಿಷ, ಎದೆಗೆ ಹೊಕ್ಕರೆ ಗುಂಡಿಗೆ ಹಿಡಿಯುತ್ತದೆ, ಆ ಹೊಗೆ ಹೋಗುವುದು ಅವಳದೇ ಮನೆಗೆ. ‘ಪಾಠ ಒಪ್ಪಿಸ್ತೀಯಾ, ಕಣ್ ಬಿಟ್ ನೋಡಲ್ಲ’ ಎಂದಳು. ನಾಚಿಕೆಯಾಯಿತು ಅಜ್ಜ. ಅರ್ಧ ಗಂಟೆ ಕೂತು ಇಬ್ಬರೂ ಪೂರ್ತಿ ಆರಿಸಿದೆವು.

ಮೊದಲ ಕಡ್ಡಿ ಮುರಿಯಿತು. ಕೊಟ್ರಕ್ಕ ಜಾಸ್ತಿ ಒತ್ತಿಬಿಟ್ಟಳು. ರಸ್ತೆಯ ಆಚೆ ಜನ ‘ಅಯ್ಯೋ’ ಅಂದರು. ಉಳಿದದ್ದು ಒಂದೇ. ಅವಳು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಬೇಡ ಎಂದು ಎಸೆದರೂ ಎಸೆಯಬಹುದಿತ್ತು, ಹಕ್ಕು ಅವಳದು. ಆಮೇಲೆ ನನ್ನ ಕಡೆ ನೋಡದೆಯೇ, ‘ಹಿಡಿ, ಗಾಳಿ ತಡಿ’ ಎಂದಳು. ನಾನು ಎರಡೂ ಕೈ ಬೊಗಸೆ ಮಾಡಿದೆ. ಅವಳು ಗೀರಿದಳು. ನನ್ನ ಬೊಗಸೆಯೊಳಗೆ ಹಳದಿ ಹೂವಿನಂಥದ್ದು ಪುಸಕ್ಕನೆ ಎದ್ದಿತು!

ಇಡೀ ರಾಶಿಗೆ ಹಚ್ಚುವುದಲ್ಲ. ಸೊಂಟಕ್ಕಿಂತ ಎತ್ತರ ಬೇಡ, ಎರಡು ಮಾರಿಗಿಂತ ಅಗಲ ಬೇಡ ಎಂಬುದು ಮಿತಿ. ನಾವು ಮೊರದಷ್ಟು ಸಣ್ಣ ಪುರಲೆ ಕಡ್ಡಿಗೆ ಹಚ್ಚಿ, ಪಕ್ಕದ ರಾಶಿಯಿಂದ ತೋಳು ತೋಳು ತಂದು ಉಣಿಸಿದೆವು. ಎಣ್ಣೆಯಿಲ್ಲ, ಟೈರಿಲ್ಲ, ಹಸಿ ಎಲೆಯಿಲ್ಲ. ಅಜ್ಜ, ನಿಮಗೆ ದಿನಾ ಕಂಡು ಬೇಜಾರಾಗಿರಬಹುದು, ಆದರೆ ಉರಿ ಎಷ್ಟು ಚೆಂದ! ಅದು ಮಾತಾಡುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಚಿತ್ರದಲ್ಲಿ ಸದ್ದಿರಲಿಲ್ಲವಲ್ಲ! ಮುಖ ಸುಡುತ್ತಿದೆ, ಬೆನ್ನು ತಣ್ಣಗಿದೆ, ಜಾಲಿಯ ಅಂಟು ಬುಸ್ ಬುಸ್ ಅನ್ನುತ್ತಿದೆ, ಹೊಗೆ ಮೂಗಿಗೆ ಬಡಿದಾಗ ನಾನು ಕಾರಣವೇ ಇಲ್ಲದೆ ಅತ್ತೆ. ಮುದುಕರೆಲ್ಲ ಅತ್ತರು. ಮರುಳಪ್ಪನಂತೂ ಬಾಯಿ ತೆರೆದವನು ಮುಚ್ಚಲೇ ಇಲ್ಲ. ಎರಡು ತಾಸಿನಲ್ಲಿ ರಾಶಿ ಮುಗಿದು, ಉರಿ ಗಿಡ್ಡವಾಗಿ, ಕೊನೆಗೆ ಇಲ್ಲವಾಯಿತು. ಬೆಳ್ಳನೆಯ ಬೂದಿ ಮೆತ್ತಗೆ ಕೂತಿತು. ಮರುಳಪ್ಪ ಗಡಿಯಾರ ನೋಡಿ ‘ಆರಿತು’ ಎಂದು ಘೋಷಿಸಿದ. ಕೇರಿಗೆ ಕೇರಿಯೇ ಚಪ್ಪಾಳೆ ತಟ್ಟಿತು!

ಇನ್ನು ನನ್ನ ತಪ್ಪು ಕೇಳಿ. ಉರಿಪಾಠದ ಕೊನೆಯ ಸಾಲು ನನಗೆ ನಿದ್ದೆಯಲ್ಲೂ ಬರುತ್ತದೆ: ನೀರು ಹಾಕು, ಕಲಕು, ಮತ್ತೆ ನೀರು ಹಾಕು. ಆದರೆ ನಮ್ಮ ಜನ ಬೂದಿಯನ್ನೂ ಕಂಡವರಲ್ಲ. ಇನ್ನೂರು ವರ್ಷದ ಮೊದಲ ಬೂದಿ ಎಂದು ಮನೆಗೊಂದು ಚಿಟಿಕೆ ಒಯ್ಯಲು ಎಲ್ಲರೂ ಭರಣಿ, ಡಬ್ಬಿ ಹಿಡಿದು ಬಂದಿದ್ದರು. ನೀರು ಹಾಕಿದರೆ ಕೆಸರಾಗಿ ಕೆಡುತ್ತದೆ ಎಂದು ಒಬ್ಬರು ಅಂದರು, ಹೌದು ಹೌದು ಎಂದು ಮಿಕ್ಕವರು. ಮರುಳಪ್ಪನೂ ‘ಆರಿದ್ದಕ್ಕೆ ಯಾಕೆ ನೀರು’ ಎಂದ. ನಮ್ಮ ಪಾಲಿಗೆ ಬೆಂಕಿ ಎಂದರೆ ಉರಿ. ಉರಿ ಹೋಯಿತು, ಬೆಂಕಿ ಹೋಯಿತು. ಊಟವಾದ ಮೇಲೆ ಹಂಚೋಣ, ಅಷ್ಟರೊಳಗೆ ಹಾರಿಹೋಗದಿರಲಿ ಎಂದು ನಾನೇ ಸಲಿಕೆ ತಗೊಂಡು ಮೇಲೆ ಒಂದು ಪದರ ಮಣ್ಣು ಎಳೆದೆ. ಅಷ್ಟರಲ್ಲಿ ಪಾಲಯ್ಯ ಹಿತ್ತಲ ಬಾಗಿಲಿಗೆ ಬಂದು, ‘ಸಿರೀ, ಮುದ್ದೆ ಆರೋಗ್ತವೆ, ಎಲ್ರುನೂ ಕರ್ಕಂಡು ಊಟಕ್ಕೆ ಬಾ’ ಎಂದು ಕೂಗಿದರು. ಜನ ಎದ್ದರು. ನಾನು ಸಲಿಕೆ ಒರಗಿಸಿ ಹೊರಟೆ.

ಏಳೆಂಟು ಹೆಜ್ಜೆ ಹೋಗಿದ್ದೆ. ‘ಸಿರಿ’ ಎಂದು ಕೊಟ್ರಕ್ಕ ಕರೆದಳು. ಅವಳು ಎದ್ದಿರಲಿಲ್ಲ, ಬೂದಿಯ ಪಕ್ಕ ಕಲ್ಲಿನ ಮೇಲೆ ಹಾಗೇ ಕೂತಿದ್ದಳು. ‘ಬಾರಕ್ಕ, ಮಜ್ಜಿಗೆ ಮಾಡಿಟ್ಟೀನಿ’ ಅಂದೆ. ಅವಳು ಅಲ್ಲಾಡಲಿಲ್ಲ. ‘ಉರಿ ಆರಿತ್ತು. ಮೇಲೆ ಮಣ್ಣು ಎಳೆದೆ. ಊಟಕ್ಕೆ ಕರೆದರು’ ಎಂದು ಮೆಲ್ಲಗೆ ಹೇಳಿ, ಮೂರನೆಯದನ್ನು ಪೂರ್ತಿ ಮಾಡದೆ ನನ್ನನ್ನು ನೋಡಿದಳು. ನಾನು ತಿರುಗಿ ಓಡಿಬಂದೆ. ಬಾಯಿಪಾಠ ಮಾಡಿ, ಮಕ್ಕಳಿಗೂ ಕಲಿಸಿ, ಅದನ್ನೇ ಚಾಚೂ ತಪ್ಪದೆ ಮಾಡಿದ್ದೆನಲ್ಲ!

ಅವಳು ನನ್ನ ಮಣಿಕಟ್ಟು ಹಿಡಿದು ಕೂರಿಸಿ, ಕೈಯನ್ನು ಬೋರಲು ಮಾಡಿ, ಹಿಂಗೈಯನ್ನು ಮಣ್ಣಿನ ಹತ್ತಿರ ಒಯ್ದಳು. ಒಂದು ಗೇಣು ದೂರದಲ್ಲೇ ಚುರ್ ಎಂದಿತು. ಬಿಂದಿಗೆ ಎತ್ತಿ ಸುರಿದೆ. ಅಬ್ಬಾ, ಬುಸ್ಸೆಂದು ಆಳೆತ್ತರ ಹಬೆ ಎದ್ದಿತು, ಮರುಳಪ್ಪ ಪಂಚೆ ಹಿಡಿದುಕೊಂಡು ಹಾರಿದ. ಸಲಿಕೆಯಿಂದ ಕಲಕಿದರೆ ಅಡಿಯಲ್ಲಿ ಜಾಲಿಯ ಬೊಡ್ಡೆಯೊಂದು ಕೆಂಪಗೆ ಕಣ್ಣು ಬಿಟ್ಟುಕೊಂಡು ಕೂತಿತ್ತು, ಮನುಷ್ಯನ ತಲೆಯಷ್ಟು ದಪ್ಪ. ಆರಿಲ್ಲ ಅಜ್ಜ, ಮಣ್ಣಿನಡಿ ಹೊದ್ದು ಮಲಗಿತ್ತು, ಅಷ್ಟೆ! ಆರು ಬಿಂದಿಗೆ ಸಾಲಲಿಲ್ಲ. ಪೈಪು ಹಿಡಿದು, ಕಲಕಿ, ಮತ್ತೆ ಹಿಡಿದು, ಕೈಯಿಟ್ಟರೆ ತಣ್ಣಗೆ ಕೆಸರು ಸಿಗುವವರೆಗೆ ಮಾಡಿದೆವು. ಇನ್ನೂ ಕೆಲಸ ಮುಗಿದಿರಲಿಲ್ಲ, ಗಾಳಿಬಟ್ಟೆ ಪಟಪಟ ಅನ್ನತೊಡಗಿತು. ಗಂಟೆ ಮೂರು. ಗುಡ್ಡದ ಗಾಳಿ ಇಳಿದು, ಬಟ್ಟೆ ನೆಟ್ಟಗೆ ಕೊಟ್ರಕ್ಕನ ಮನೆಯ ಕಡೆ ಚಾಚಿ ನಿಂತಿತು. ಇಬ್ಬರೂ ಅದನ್ನೇ ನೋಡಿದೆವು.

ಆಮೇಲೆ ನಾನು ಕೇಳಿದೆ, ಬೆಂಕಿಯನ್ನೇ ಕಾಣದ ನಿನಗೆ ಹೇಗಕ್ಕ ಗೊತ್ತಾಯಿತು ಎಂದು. ‘ನಿಮಗೆ ಅದು ಪಾಠ, ಒಪ್ಪಿಸಿ ಮರೀತೀರ. ನಮ್ಮನೇಲಿ ಮಕ್ಳನ್ನ ಮಲಗಿಸೋವಾಗ್ಲೂ ಅದೇ ಮಾತು. ಏಳು ತಲೆಯಿಂದ ಕಾಯ್ತಾ ಕೂತೀವಿ, ಇನ್ನೊಂದ್ ಗಳಿಗೆ ಕೂತ್ರೆ ನಾನೇನ್ ಸವೆದೋಗ್ತೀನಾ?’ ಎಂದಳು. ಆಗ ಪಾಲಯ್ಯನವರು ತಟ್ಟೆಗಳನ್ನು ಹಿತ್ತಲಿಗೇ ಹೊತ್ತು ತಂದರು. ಬಿಸಿಗಲ್ಲಿನ ಮೇಲೆ ಇಟ್ಟಿದ್ದರಿಂದ ಮುದ್ದೆಯಲ್ಲಿ ಇನ್ನೂ ಹಬೆ ಆಡುತ್ತಿತ್ತು. ನನ್ನ ಮುಂದೆ ಮುದ್ದೆ, ಅವರೆಕಾಳಿನ ಸಾರು, ಕೊಟ್ರಕ್ಕನ ಮುಂದೆ ಪದ್ಧತಿಯಂತೆ ಮಜ್ಜಿಗೆ, ಬಾಳೆಹಣ್ಣು. ಅವಳು ಮಜ್ಜಿಗೆಯನ್ನು ಪಕ್ಕಕ್ಕೆ ಸರಿಸಿದಳು. ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ‘ಉಪ್ಪು ಕಮ್ಮಿ ಆಗೈತೆ’ ಎಂದಳು. ಪಾಲಯ್ಯ ಉಪ್ಪು ತರುವ ನೆವದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡರು. ನಾನು ನೆವ ಹುಡುಕಲಿಲ್ಲ, ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

ಈಗ ಸಂಜೆ ಐದು. ನಾಳೆ ಬೆಳಿಗ್ಗೆ ಮರುಳಪ್ಪ ಬಂದು ಕೈಯಿಟ್ಟು ನೋಡುವವರೆಗೆ ಬೂದಿಯ ಬಳಿ ಸರದಿಯಲ್ಲಿ ಯಾರಾದರೂ ಇರಬೇಕು. ಅವನು ತಾನೇ ತನ್ನ ತಪ್ಪನ್ನೂ ನನ್ನ ತಪ್ಪನ್ನೂ ವರದಿಯಲ್ಲಿ ಬರೆದು, ‘ಗಾಳಿಮನೆಯವರು ಏಳುವವರೆಗೆ ಬೆಂಕಿ ಆರಿದಂತಲ್ಲ’ ಎಂಬ ಹೊಸ ಕಟ್ಟಳೆ ಸೇರಿಸಿ, ಕೇರಿಗೆಲ್ಲ ಪರವಾನಗಿ ಕೊಡಬಹುದೆಂದು ಸಹಿ ಹಾಕಿದ! ಬೂದಿಯ ಡಬ್ಬಿಗಳಿಗೆ ಕೆಸರು ಹಂಚಿದ್ದಾಯಿತು, ಅದನ್ನೇ ಕಣ್ಣಿಗೊತ್ತಿಕೊಂಡು ಹೋದರು.

ಈ ಪತ್ರ ಬರೆಯುತ್ತೇನೆ ಎಂದು ಕೊಟ್ರಕ್ಕನಿಗೆ ಹೇಳಿದೆ, ಹೆದರಿಕೆಯನ್ನೂ ಹೇಳಿದೆ. ನೀವು ಓದಿ, ನನ್ನ ಮಾತು ನಡೆಸಿಕೊಟ್ಟರೆ, ಆ ಬೆಂಕಿಯೇ ಆಗುವುದಿಲ್ಲ. ಗಾಳಿಮನೆಯ ಕಾನೂನು ಬರುವುದಿಲ್ಲ, ಬೆಂಕಿಗೆ ಹೆದರಿ ಮಾಡಿಕೊಂಡ ಎಂಟು ತಿಂಗಳ ವರ್ಷ ಇರುವುದಿಲ್ಲ, ಇವತ್ತಿನ ದಿನವೂ ಇರುವುದಿಲ್ಲ. ನಾವಿಬ್ಬರೂ ಹುಟ್ಟುತ್ತೇವೋ ಇಲ್ಲವೋ ಬಲ್ಲವರಾರು. ಅವಳು ಸೊಂಟದಿಂದ ಆ ಸುಟ್ಟ ಕತ್ತರಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, ‘ಮುದ್ದೆ ಉಂಡಿದ್ದಾಯ್ತಲ್ಲ, ಇನ್ನೇನ್ ಬೇಕು. ಬರಿ. ನಮ್ಮಜ್ಜ ನಿದ್ದೆಯಿಂದ ಏಳ್ಲಿ’ ಎಂದಳು.

ಅದಕ್ಕೇ ಕೇಳುತ್ತಿದ್ದೇನೆ ಅಜ್ಜ. ಟೈರು ಇಡಬೇಡಿ, ಎಣ್ಣೆ ಸುರಿಯಬೇಡಿ, ಫಾಲ್ಗುಣದ ಗಾಳಿಯಲ್ಲಿ ಹಚ್ಚಲೇಬೇಡಿ ಎಂದು ಹೇಳಬಹುದು. ಆದರೆ ನಿಮ್ಮ ಹಟ ನನಗೆ ಗೊತ್ತು, ನನ್ನಲ್ಲೂ ಅದೇ ಇದೆ. ಆದ್ದರಿಂದ ಒಂದೇ ಮಾತು ಕೇಳುತ್ತೇನೆ. ಊಟಕ್ಕೆ ಕರೆದಾಗ ಒಳಗೆ ಹೋಗಬೇಡಿ, ತಟ್ಟೆಯನ್ನು ಹೊರಗೆ ತರಿಸಿಕೊಳ್ಳಿ. ನೀರು ಹಾಕಿ, ಕಲಕಿ, ಮತ್ತೆ ಹಾಕಿ, ಹಿಂಗೈ ಇಟ್ಟು ನೋಡಿ. ತಣ್ಣಗಾದ ಮೇಲೆ ಪಕ್ಕದ ಶೆಡ್ಡಿಗೆ ಹೋಗಿ ಕೊಟ್ರೇಶಪ್ಪನವರನ್ನು ಎಬ್ಬಿಸಿ, ಒಟ್ಟಿಗೆ ಉಣ್ಣಿ. ಅವತ್ತು ಅವರು ಹೊಲಿಯುತ್ತಿದ್ದದ್ದು ನಿಮ್ಮದೇ ಅಂಗಿಯಂತೆ, ಗುಂಡಿ ಹಾಕುವುದೊಂದು ಬಾಕಿ ಇತ್ತಂತೆ.

ನಿಮ್ಮ ಏಳನೆಯ ತಲೆ,
ತಿಪ್ಪೇಸಿರಿ

(ಪಕ್ಕದಲ್ಲಿ ಕೂತು ಓದಿಸಿ ಕೇಳಿದವರು: ಗಾಳಿಮನೆಯ ಕೊಟ್ರವ್ವ)